ಬೆಳಕಿನ ಮೊನೆ

ಹಳೆಯ ಶಾಸನವೊಂದನ್ನು ಓದಬೇಕೆಂದರೆ ಬೆಳಕು ಎದುರಿನಿಂದ ಬೀಳಬಾರದು. ಎದುರುಬೆಳಕಿಗೆ ಕಲ್ಲಿನ ಮುಖವೆಲ್ಲ ಒಂದೇ ಸಮನೆ ಬೆಳಗಿ, ಇದ್ದ ಅಕ್ಷರವೂ ಇಲ್ಲದಂತಾಗುತ್ತದೆ. ಅದೇ ಕಲ್ಲಿನ ಮೇಲೆ ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ, ಅಥವಾ ಕತ್ತಲಾದ ಮೇಲೆ ಯಾರಾದರೂ ಪಕ್ಕದಲ್ಲಿ ನಿಂತು ದೀಪ ಹಿಡಿದಾಗ, ಒಂದೊಂದು ಕುಳಿಯ ಅಂಚಿಗೂ ನೆರಳು ಕೂಡಿಕೊಂಡು ಸಾಲುಸಾಲಾಗಿ ಅಕ್ಷರಗಳು ಎದ್ದು ಬರುತ್ತವೆ. ಕಲ್ಲುಕುಟಿಗನು ಉಳಿಯಿಂದ ಮಾಡಿದ್ದು ಕುಳಿಯನ್ನು ಮಾತ್ರ. ಅದನ್ನು ಅಕ್ಷರವಾಗಿ ಮಾಡುವುದು ಬೆಳಕು.

ಯಳಂದೂರಿನ ಗೌರೀಶ್ವರ ದೇವಾಲಯವನ್ನೂ ಅದರ ಮುಂದಿನ ಬಳೆಮಂಟಪವನ್ನೂ ನೋಡಿದವರಿಗೆ ಈ ಮಾತು ಬೇಗ ಮನವರಿಕೆಯಾದೀತು. ಹದಿನಾಡಿನ ಪಾಳೆಯಗಾರರ ಕಾಲದ ಆ ಕೆಲಸದಲ್ಲಿ ಕಲ್ಲಿನ ಬಳೆಗಳ ಸರಪಳಿ ಇದೆ. ಅದನ್ನು ತೋರಿಸಿ ಮಕ್ಕಳನ್ನು ಬೆರಗುಗೊಳಿಸುವುದು ನಮ್ಮ ಕಡೆಯ ಪದ್ಧತಿ. ನಾನು ಹೇಳಹೊರಟಿರುವುದು ಬಳೆಯ ವಿಷಯವಲ್ಲ, ಈ ಸೀಮೆಯ ಕಲ್ಲುಗಳ ಮೇಲಿರುವ ಬರಹದ ವಿಷಯ. ಆ ಬರಹ ಕಲ್ಲಿನಿಂದ ಕಾಗದಕ್ಕೂ, ಕಾಗದದಿಂದ ಅಂಗೈಯಗಲದ ಹೊಳೆಯುವ ತಟ್ಟೆಗೂ ಇಳಿದ ಕಥೆಯಲ್ಲಿ ಮುಖ್ಯ ಪಾತ್ರ ವಹಿಸಿದ್ದು ಕಡಲೆಬೇಳೆಗಿಂತ ತುಸು ದೊಡ್ಡದಾದ ಒಂದು ಮಸೂರ.

ಮೊದಲು ಕಾಗದದ ಕಥೆ. ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದ ಶಾಸನಗಳಿಗಾಗಿ ಊರೂರು ತಿರುಗಿದ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟವನ್ನು 1898ರಲ್ಲಿ ಹೊರತಂದರು. ಅದರಲ್ಲಿ ಯಳಂದೂರಿನ ಶಾಸನಗಳಿವೆ. ಆಗ ಅದು ಜಹಗೀರು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ದೊರೆತದ್ದು. ಪಕ್ಕದ ಕೊಳ್ಳೇಗಾಲದ ಶಾಸನಗಳು ಮಾತ್ರ ಆ ಸಂಪುಟದಲ್ಲಿಲ್ಲ. ಕಾರಣ ಇಷ್ಟೇ: ಟಿಪ್ಪುವಿನ ಪತನದ ನಂತರ ಕೊಳ್ಳೇಗಾಲವು ಕಂಪನಿಯ ಪಾಲಿಗೆ ಹೋಗಿ, ಮದ್ರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಸೇರಿಕೊಂಡಿತ್ತು. ಭಾಷೆ ಒಂದೇ, ಬೆಟ್ಟ ಒಂದೇ, ದೇವರೂ ಒಬ್ಬನೇ. ಕಚೇರಿ ಮಾತ್ರ ಬೇರೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಬಹುಕಾಲ ಕೊಳ್ಳೇಗಾಲ ತಾಲ್ಲೂಕಿನ ಒಳಗೇ ಇದ್ದ ಹನೂರು ಈಚೆಗಷ್ಟೇ ತಾನೇ ಒಂದು ತಾಲ್ಲೂಕಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು 1970ರ ದಶಕದಲ್ಲಿ ಪರಿಷ್ಕೃತ ಸಂಪುಟಗಳನ್ನು ತಂದಾಗ ಅಕ್ಕಪಕ್ಕದ ಊರುಗಳ ಕಲ್ಲುಗಳು ಕೊನೆಗೂ ಪುಸ್ತಕದೊಳಗೆ ಅಕ್ಕಪಕ್ಕ ಬಂದವು.

ಸಂಪುಟಗಳು ದಪ್ಪ, ಪ್ರತಿಗಳು ಕಡಮೆ, ಹಳೆಯವುಗಳ ಹಾಳೆ ಮುಟ್ಟಿದರೆ ಮುರಿಯುವಂಥದು. ಸಿ.ಡಿ.ಯ ಕಾಲ ಬಂದಾಗ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಬೆಂಗಳೂರು ಕೇಂದ್ರದವರು ಎಪಿಗ್ರಾಫಿಯಾ ಕರ್ನಾಟಿಕವನ್ನು ಸಿ.ಡಿ.ಗೆ ಇಳಿಸಿದರು. ಕಲ್ಲಿನಲ್ಲಿ ಕುಳಿಯಾಗಿ ಹುಟ್ಟಿದ ಅಕ್ಷರ ಕಾಗದದ ಮೇಲೆ ನೂರು ವರ್ಷ ಮಸಿಯಾಗಿದ್ದು, ತಟ್ಟೆಯ ಮೇಲೆ ಪುನಃ ಕುಳಿಯಾಯಿತು. ಇದು ಚಮತ್ಕಾರಕ್ಕಾಗಿ ಹೇಳಿದ ಮಾತಲ್ಲ. ಸಿ.ಡಿ.ಯೊಳಗೆ ಇರುವುದು ನಿಜವಾಗಿಯೂ ಕುಳಿಗಳೇ. ನಡುವೆ ತಾಳೆಗರಿಯನ್ನೂ ನೆನೆಯಬೇಕು. ಯಳಂದೂರಿನ ಸಂಚಿ ಹೊನ್ನಮ್ಮನ ಕಾಲದಲ್ಲಿ ಕಾವ್ಯವೆಂದರೆ ಓಲೆಯ ಮೇಲೆ ಕಬ್ಬಿಣದ ಕಂಠದಿಂದ ಗೀರಿದ ಗೀರು. ಗೀರಿಗೆ ಕಾಡಿಗೆ ತುಂಬಿ ಒರೆಸಿದ ಮೇಲೆ ತಾನೆ ಅದು ಕಣ್ಣಿಗೆ ಕಾಣುವುದು? ಕುಳಿ ತೋಡುವುದು, ಆ ಕುಳಿಗೂ ಸುತ್ತಲಿನ ಬಯಲಿಗೂ ಕಪ್ಪುಬಿಳುಪಿನ ವ್ಯತ್ಯಾಸ ತರುವುದು. ಬರವಣಿಗೆ ಎಂಬುದು ಬಹುಪಾಲು ಇಷ್ಟೇ.

ಸಿ.ಡಿ.ಯ ಕುಳಿ ಎಷ್ಟು ಸಣ್ಣದು ಎಂಬುದಕ್ಕೆ ಕೊಳ್ಳೇಗಾಲದವರಿಗೆ ರೇಷ್ಮೆಗಿಂತ ಒಳ್ಳೆಯ ಅಳತೆಗೋಲು ಬೇಡ. ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ರೇಷ್ಮೆಹುಳು ಉಗುಳುವ ಜೋಡಿ ಎಳೆಯಲ್ಲಿ ಒಂದೊಂದು ಎಳೆಯ ದಪ್ಪ ಸುಮಾರು 10 ಮೈಕ್ರಾನ್. ಸಿ.ಡಿ.ಯ ಮೇಲೆ ಕುಳಿಗಳ ಒಂದು ಸಾಲಿಗೂ ಪಕ್ಕದ ಸಾಲಿಗೂ ಇರುವ ಅಂತರ 1.6 ಮೈಕ್ರಾನ್. ಎಂದರೆ ಆ ಒಂದು ಎಳೆಯ ಅಗಲದಲ್ಲಿ ಆರು ಸಾಲು ಬರವಣಿಗೆ! ಕುಳಿಯ ಅಗಲ ಅರ್ಧ ಮೈಕ್ರಾನ್‌ನಷ್ಟು, ಉದ್ದ ಸುಮಾರು 0.8ರಿಂದ 3 ಮೈಕ್ರಾನ್‌ವರೆಗೆ. ಸಾಲು ಬೇರೆಬೇರೆಯಲ್ಲ; ಒಳಗಿನಿಂದ ಹೊರಕ್ಕೆ ಸುತ್ತಿಕೊಂಡು ಹೋಗುವ ಒಂದೇ ಸಾಲು. ಬಿಚ್ಚಿ ನೆಟ್ಟಗೆ ಎಳೆದರೆ ಐದು ಕಿಲೋಮೀಟರಿಗೂ ಮಿಕ್ಕೀತು. ಒಳ್ಳೆಯ ಗೂಡೊಂದರಿಂದ ಒಂದು ಕಿಲೋಮೀಟರಿನಷ್ಟು ನೂಲು ಬಂದರೆ ಬಿಚ್ಚಣಿಕೆಯವರು ಸಂತೋಷಪಡುತ್ತಾರೆ. ಈ ತಟ್ಟೆಯಲ್ಲಿ ಅಂಥ ಐದಾರು ಗೂಡುಗಳ ನೂಲು ಸುತ್ತಿದೆ ಎನ್ನಬಹುದು.

ಇಷ್ಟು ಸಣ್ಣ ಕುಳಿಯನ್ನು ತೋಡುವ ಉಳಿ ಯಾವುದು? ಓದುವ ಕಣ್ಣು ಯಾವುದು? ಎರಡಕ್ಕೂ ಉತ್ತರ ಒಂದೇ: ಮಸೂರದಿಂದ ಮೊನೆ ಮಾಡಿದ ಬೆಳಕು.

ಮಸೂರವೆಂಬುದು ಬೇಳೆಯ ಹೆಸರು. ಎರಡೂ ಕಡೆ ಉಬ್ಬಿದ ಆ ಕಾಳಿನ ಆಕಾರವೇ ಗಾಜಿಗೂ ಇದ್ದುದರಿಂದ ನಮ್ಮ ಪಂಡಿತರು ಆ ಹೆಸರಿಟ್ಟರು. ಲೆನ್ಸ್ ಎಂಬ ಲ್ಯಾಟಿನ್ ಮಾತಿನ ಅರ್ಥವೂ ಅದೇ ಕಾಳು. ಇದರ ಗುಣ ಶಾಲೆಯ ಹುಡುಗರಿಗೆಲ್ಲ ಗೊತ್ತು. ತಾತನ ಭೂತಗನ್ನಡಿಯನ್ನು ಕದ್ದು, ಒಣಗಿದ ತರಗೆಲೆಯ ಮೇಲೆ ಬಿಸಿಲನ್ನು ಬೊಟ್ಟಿನಷ್ಟಕ್ಕೆ ಕೂಡಿಸಿ, ಹೊಗೆ ಬರಿಸದೆ ದೊಡ್ಡವರಾದವರು ಯಾರು? ಗಾಜಿನೊಳಗೆ ಬೆಳಕಿನ ವೇಗ ಗಾಳಿಯಲ್ಲಿರುವುದಕ್ಕಿಂತ ಕಡಮೆ. ಮಸೂರದ ನಡುವೆ ಗಾಜು ದಪ್ಪ, ಅಂಚಿನಲ್ಲಿ ತೆಳುವು. ನಡುವಿನಿಂದ ಹೋದ ಬೆಳಕು ಹೆಚ್ಚು ತಡವಾಗಿ, ಅಂಚಿನಿಂದ ಹೋದದ್ದು ಕಡಮೆ ತಡವಾಗಿ, ಚಪ್ಪಟೆಯಾಗಿ ಬಂದ ಅಲೆ ಬಟ್ಟಲಿನಂತೆ ಬಾಗುತ್ತದೆ. ಬಟ್ಟಲಿನಂತೆ ಬಾಗಿದ ಅಲೆ ಮುಂದೆ ಹೋದಂತೆಲ್ಲ ಕಿರಿದಾಗಿ ಒಂದೆಡೆ ಕೂಡಲೇಬೇಕು.

ಆದರೆ ಎಷ್ಟು ಕಿರಿದಾಗಿ? ಇಲ್ಲಿಯೇ ತೊಡಕು. ತರಗೆಲೆಯ ಮೇಲಿನ ಬೊಟ್ಟು ಸೂರ್ಯನ ಬಿಂಬವೇ ಆದ್ದರಿಂದ ಅದಕ್ಕೆ ತನ್ನದೇ ಆದ ಗಾತ್ರವುಂಟು. ಸೂರ್ಯನ ಬದಲು ದೂರದ ನಕ್ಷತ್ರವನ್ನು ತೆಗೆದುಕೊಂಡರೂ, ಗಾಜನ್ನು ದೋಷವಿಲ್ಲದಂತೆ ಅರೆದರೂ, ಬೆಳಕು ರೇಖಾಗಣಿತದ ಬಿಂದುವಿಗೆ ಬಂದು ನಿಲ್ಲುವುದಿಲ್ಲ. ಒಂದು ಪುಟ್ಟ ಬಿಲ್ಲೆಯಾಗಿ, ಸುತ್ತ ಮಸುಕು ಬಳೆಗಳೊಂದಿಗೆ ನಿಲ್ಲುತ್ತದೆ. ಇಂಗ್ಲೆಂಡಿನ ಜಾರ್ಜ್ ಏರಿ 1835ರಲ್ಲಿ ಆ ಬಿಲ್ಲೆಯ ಲೆಕ್ಕ ಹಾಕಿದರು. ಜರ್ಮನಿಯ ಯೇನಾ ಊರಿನ ಅರ್ನ್‌ಸ್ಟ್ ಅಬೆ 1873ರಲ್ಲಿ, ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಾದರೂ ಒಂದು ಮಿತಿಯಿಂದ ಕೆಳಗೆ ಬಿಡಿಬಿಡಿಯಾಗಿ ಕಾಣಲಾರದೆಂದು ತೋರಿಸಿದರು.

ರೇಡಿಯೋ ಇಟ್ಟುಕೊಂಡವರಿಗೆ ಇದರ ಕಾರಣ ಅಪರಿಚಿತವಲ್ಲ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರು. ಅದು ಗುಡ್ಡದ ಅಂಚಿನಲ್ಲಿ ಬಾಗಿ ಆಚೆಯ ಹಳ್ಳಿಗೂ ಇಳಿಯುತ್ತದೆ. ಮೈಸೂರಿನ ಎಫ್.ಎಂ. 100.6ರ ಅಲೆ ಮೂರೇ ಮೀಟರು. ಬೆಟ್ಟ ಅಡ್ಡ ಬಂದರೆ ಬಹುಮಟ್ಟಿಗೆ ಅಲ್ಲಿಗೇ ನಿಂತಿತು. ಅಲೆ ಉದ್ದವಾದಷ್ಟೂ ಅಂಚಿನಲ್ಲಿ ಹರಡಿಕೊಳ್ಳುವ ಗುಣ ಹೆಚ್ಚು. ಬೆಳಕೂ ಅಲೆಯೇ. ಮಸೂರದ ಬಾಯಿಯ ಅಂಚಿನಲ್ಲಿ ಅದೂ ಹರಡುತ್ತದೆ. ಆ ಹರಡಿಕೆ ಬಿಂದುವನ್ನು ಬಿಲ್ಲೆಯಾಗಿಸುತ್ತದೆ.

ಆದ್ದರಿಂದ ಬೆಳಕಿನ ಮೊನೆಯನ್ನು ಚೂಪು ಮಾಡುವ ದಾರಿಗಳು ಎರಡೇ. ಅಲೆ ಗಿಡ್ಡವಾಗಿರುವ ಬೆಳಕನ್ನು ಹಿಡಿಯಬೇಕು. ಇಲ್ಲವೆ ಮಸೂರದಿಂದ ಹೊರಟ ಬೆಳಕಿನ ಶಂಕು ಅಗಲವಾಗಿ, ಹೆಚ್ಚು ಓರೆಯಿಂದ ಬಂದು ಕೂಡುವಂತೆ ಮಾಡಬೇಕು. ಶಂಕು ಎಷ್ಟು ಅಗಲವೆಂಬುದನ್ನು ಹೇಳಲು ಶಾಸ್ತ್ರಜ್ಞರಲ್ಲಿ ಒಂದು ಸಂಖ್ಯೆಯುಂಟು. ಗಾಳಿಯಲ್ಲಿ ಅದು ಒಂದನ್ನು ಮೀರಲಾರದು. ಇಲ್ಲಿ ಅದನ್ನು ಶಂಕುಸಂಖ್ಯೆ ಎನ್ನೋಣ. ಅಲೆಯ ಉದ್ದವನ್ನು ಶಂಕುಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ಬೆಳಕಿನ ಮೊನೆಯ ಅಗಲ ಹೆಚ್ಚುಕಡಮೆ ಸಿಕ್ಕಿತು. ಈ ಲೇಖನದಲ್ಲಿ ಗಣಿತ ಇಷ್ಟೇ.

ಬೆಳಕಿನಿಂದ ಬರೆದು ಬೆಳಕಿನಿಂದ ಓದುವ ಕೆಲಸವನ್ನು ನಮ್ಮ ಊರುಗಳು ಮೊದಲು ಕಂಡದ್ದು ಸಿ.ಡಿ.ಯಲ್ಲಲ್ಲ, ಟೂರಿಂಗ್ ಟಾಕೀಸಿನ ಡೇರೆಯಲ್ಲಿ. 1934ರ ‘ಸತಿ ಸುಲೋಚನಾ’ದಿಂದ ಕನ್ನಡ ಚಿತ್ರಕ್ಕೆ ಮಾತು ಬಂತಷ್ಟೆ. ಆ ಮಾತು ಇರುತ್ತಿದ್ದುದು ಫಿಲ್ಮಿನ ಅಂಚಿನ ಒಂದು ಪಟ್ಟಿಯಲ್ಲಿ. ಹಾವು ಹರಿದಂತೆ ಅಗಲಕಿರಿದಾಗುವ ಬಿಳಿಯ ಗೆರೆಯಾಗಿ, ಅಥವಾ ದಟ್ಟತಿಳುವಾದ ಅಡ್ಡಗೆರೆಗಳಾಗಿ. ಪ್ರಕ್ಷೇಪಕದಲ್ಲಿ ಚಿತ್ರದ ದೀಪವಲ್ಲದೆ ಇನ್ನೊಂದು ಪುಟ್ಟ ದೀಪವಿತ್ತು. ಅದರ ಬೆಳಕನ್ನು ಒಂದು ಸೀಳಿನಿಂದ ಹಾಯಿಸಿ, ಸಣ್ಣ ಮಸೂರವೊಂದು ಆ ಸೀಳಿನ ಬಿಂಬವನ್ನು ಇಂಚಿನ ಸಾವಿರದ ಒಂದು ಭಾಗದಷ್ಟು, ಎಂದರೆ ಸುಮಾರು 25 ಮೈಕ್ರಾನ್, ತೆಳುವಾದ ಗೆರೆಯಾಗಿ ಪಟ್ಟಿಯ ಮೇಲೆ ಬಿಡುತ್ತಿತ್ತು. ಫಿಲ್ಮು ಸೆಕೆಂಡಿಗೆ ಹದಿನೆಂಟು ಇಂಚು ಓಡುವಾಗ ಆಚೆ ಹೊರಟ ಬೆಳಕು ಕಂಪಿಸಿ, ಬೆಳಕಿನ ಕಂಪನ ವಿದ್ಯುತ್ತಾಗಿ, ವಿದ್ಯುತ್ತು ಧ್ವನಿಯಾಗುತ್ತಿತ್ತು. ಗೆರೆ ದಪ್ಪವಾಗಿದ್ದರೆ ನುಣ್ಣನೆಯ ಸ್ವರಗಳೆಲ್ಲ ಕಲಸಿ ಹೋಗುವುವು. ಡೇರೆಯಲ್ಲಿ ಮಾತು ಗೊಗ್ಗರಾದಾಗ ಜನ ಯಂತ್ರ ನಡೆಸುವವನನ್ನು ಬಯ್ಯುತ್ತಿದ್ದರು. ಎಷ್ಟೋ ಸಲ ತಪ್ಪು ಆ ಮಸೂರದ ಮೇಲೆ ಕುಳಿತ ಎಣ್ಣೆ ಧೂಳಿನದು. ಕೊಳ್ಳೇಗಾಲದ ಕಡೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ‘ಬೇಡರ ಕಣ್ಣಪ್ಪ’ನಾಗಿ 1954ರಲ್ಲಿ ರಾಜಕುಮಾರನೆಂಬ ಹೆಸರು ಪಡೆದಾಗ, ಆ ಮಾತು ನಮ್ಮ ಊರಿನ ಕಿವಿಗಳಿಗೆ ತಲಪಿದ್ದು ಇಂಥ ಒಂದು ಗೆರೆಬೆಳಕಿನ ಮೂಲಕ. ಪುಟ್ಟಸ್ವಾಮಯ್ಯನವರು ರಂಗಭೂಮಿಯ ನಟರು. ರಂಗದ ಮಾತು ಆಯಾ ರಾತ್ರಿಗೆ ಮುಗಿಯುವಂಥದು. ಮಗನ ಮಾತನ್ನು ಬೆಳಕು ಹಿಡಿದಿಟ್ಟಿತು.

25 ಮೈಕ್ರಾನ್‌ನಿಂದ ಒಂದು ಮೈಕ್ರಾನ್‌ಗೆ ಇಳಿಯಲು ಐವತ್ತು ವರ್ಷ ಹಿಡಿಯಿತು. ಮಸೂರ ಮಾಡುವವರ ಕೈ ಹಿಂದೆ ಬಿದ್ದಿತ್ತೆಂದಲ್ಲ. ತಕ್ಕ ದೀಪ ಇರಲಿಲ್ಲ. ಸಾಮಾನ್ಯ ದೀಪದ ತಂತಿಗೆ ಗಾತ್ರವುಂಟು, ಅದರ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಉಂಟು. ಒಂದೊಂದು ಬಣ್ಣವನ್ನು ಮಸೂರ ಒಂದೊಂದು ದೂರದಲ್ಲಿ ಕೂಡಿಸುತ್ತದೆ. ಒಂದೇ ಬಣ್ಣದ, ಒಂದೇ ಬಿಂದುವಿನಿಂದ ಹೊರಟಂತಿರುವ ಬೆಳಕು ಬೇಕಿತ್ತು. ಥಿಯೊಡೋರ್ ಮೈಮನ್ 1960ರ ಮೇ ತಿಂಗಳಲ್ಲಿ ಮೊದಲ ಲೇಸರನ್ನು ಬೆಳಗಿಸಿದರು. 1962ರಲ್ಲಿ ಅರೆವಾಹಕದ ಹರಳಿನಿಂದಲೂ ಲೇಸರ್ ಬೆಳಕು ಬಂತು. 1970ರಲ್ಲಿ ಅದು ಸಾಧಾರಣ ಕೋಣೆಯ ಉಷ್ಣದಲ್ಲಿಯೇ ಎಡೆಬಿಡದೆ ಉರಿಯುವಂತಾಯಿತು. ಅಕ್ಕಿಕಾಳಿಗಿಂತ ಚಿಕ್ಕ ಹರಳು, ಟಾರ್ಚಿನ ಕೋಶದಷ್ಟು ವಿದ್ಯುತ್ತು!

ಈ ಬೆಳಕನ್ನು ತಟ್ಟೆಗೆ ಹಚ್ಚಿದವರು ಹಾಲೆಂಡಿನ ಫಿಲಿಪ್ಸ್ ಕಂಪನಿಯವರು. ನಮ್ಮ ಹಜಾರದ ರೇಡಿಯೋ ಪೆಟ್ಟಿಗೆಗಳ ಮೇಲೆ ಬಹುಕಾಲ ಇದ್ದ ಹೆಸರೇ ಅದು. 1972ರಲ್ಲಿ ಅವರು ಚಿತ್ರದ ತಟ್ಟೆಯೊಂದನ್ನು ಲೇಸರಿನಿಂದ ಓದಿ ತೋರಿಸಿದರು. ಮುಂದೆ ಜಪಾನಿನ ಸೋನಿಯವರೊಡನೆ ಕೂಡಿ ಧ್ವನಿಯ ತಟ್ಟೆಗೆ ಅಳತೆಗಳನ್ನು ಗೊತ್ತುಮಾಡಿ, 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂತು. ಅಳತೆಗಳು ಹೀಗೆ: ಬೆಳಕು 780 ನ್ಯಾನೋಮೀಟರಿನದು, ಎಂದರೆ ಮುಕ್ಕಾಲು ಮೈಕ್ರಾನ್‌ಗೆ ತುಸು ಮೇಲೆ, ಕೆಂಪಿನ ಆಚೆ ಅಂಚಿನದಾದ್ದರಿಂದ ಕಣ್ಣಿಗೆ ಕಂಡೂ ಕಾಣದು. ಮಸೂರದ ಶಂಕುಸಂಖ್ಯೆ 0.45. ಮೇಲಿನ ಲೆಕ್ಕದಂತೆ ಬೆಳಕಿನ ಮೊನೆ 0.87 ಮೈಕ್ರಾನ್.

ಕಾರ್ಖಾನೆಯಲ್ಲಿ ಮೊದಲು ಗಾಜಿನ ತಟ್ಟೆಗೆ ಬೆಳಕು ತಾಗಿದರೆ ಗುಣ ಬದಲಾಗುವ ಲೇಪ ಹಚ್ಚಿ, ಇದಕ್ಕಿಂತ ಚೂಪಾದ ಲೇಸರ್ ಮೊನೆಯಿಂದ ಅದರ ಮೇಲೆ ಬರೆಯುತ್ತಾರೆ. ಬೆಳಕು ತಾಗಿದ ಕಡೆ ಲೇಪ ಕರಗಿ ಕುಳಿ ಬೀಳುತ್ತದೆ. ಅದರಿಂದ ನಿಕ್ಕಲಿನ ಅಚ್ಚು ತೆಗೆದು, ಕಾಯಿಸಿದ ಪ್ಲಾಸ್ಟಿಕ್ಕನ್ನು ಅಚ್ಚಿಗೊತ್ತಿ, ಅಲ್ಯೂಮಿನಿಯಂ ಲೇಪ ಕೊಟ್ಟು, ಮೇಲೊಂದು ಅರಗಿನಂಥ ಪೊರೆ ಹಾಕಿದರೆ ಸಿ.ಡಿ. ಆಯಿತು.

ಓದುವ ಬಗೆ ಇನ್ನೂ ಸ್ವಾರಸ್ಯವಾದದ್ದು. ಕುಳಿಯ ಆಳ ಬೆಳಕಿನ ಅಲೆಯ ಕಾಲುಭಾಗದಷ್ಟು. ಕುಳಿಗೆ ಹೋಗಿ ಬರುವ ಬೆಳಕು ಬಯಲಿನಿಂದ ಮರಳುವ ಬೆಳಕಿಗಿಂತ, ಹೋಗುತ್ತ ಕಾಲು ಬರುತ್ತ ಕಾಲು, ಒಟ್ಟು ಅರ್ಧ ಅಲೆ ಹೆಜ್ಜೆ ತಪ್ಪಿರುತ್ತದೆ. ಒಂದರ ಏರು ಇನ್ನೊಂದರ ಇಳಿತಕ್ಕೆ ಸೇರಿ ಎರಡೂ ಅಳಿಸಿಹೋಗುತ್ತವೆ. ಬೆಳಕಿಗೆ ಬೆಳಕು ಕೂಡಿ ಕತ್ತಲಾಗುತ್ತದೆ! ಕಲ್ಲಿನ ಅಕ್ಷರದಲ್ಲಿ ಕುಳಿಯನ್ನು ಕಪ್ಪಾಗಿಸುವುದು ನೆರಳು. ತಟ್ಟೆಯಲ್ಲಿ ಕಪ್ಪಾಗಿಸುವುದು ಅಲೆಗಳ ಈ ಜಗಳ.

ಮೊನೆ ಚೂಪಾದಷ್ಟೂ ಅದನ್ನು ಗುರಿಯಲ್ಲಿ ನಿಲ್ಲಿಸುವುದು ಕಷ್ಟ. ಬೆಳಕು ಒಂದು ಮೈಕ್ರಾನ್‌ಗೆ ಕೂಡುವುದು ಒಂದೇ ದೂರದಲ್ಲಿ. ಎರಡು ಮೈಕ್ರಾನ್ ಅತ್ತಿತ್ತಾದರೆ ಮಸುಕು. ತಿರುಗುವ ತಟ್ಟೆಯಾದರೋ ಅರ್ಧ ಮಿಲಿಮೀಟರಿನಷ್ಟು ಮೇಲೆಕೆಳಗೆ ಓಲಾಡಬಹುದು. ಈ ಇಕ್ಕಟ್ಟನ್ನು ಪರಿಹರಿಸಿದ್ದು ನಮಗೆ ಬಹಳ ಪರಿಚಿತವಾದ ಒಂದು ಭಾಗ. ರೇಡಿಯೋದ ಧ್ವನಿವರ್ಧಕದಲ್ಲಿ ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದು ತೂಗಿಕೊಂಡು, ವಿದ್ಯುತ್ತು ಹರಿದಂತೆ ಹಿಂದುಮುಂದಾಗಿ ಕಾಗದದ ಶಂಕುವನ್ನು ಕುಣಿಸುತ್ತದೆಯಲ್ಲವೆ? ಸಿ.ಡಿ. ಯಂತ್ರದ ಮಸೂರವೂ ಅಂಥದೇ ಸುರುಳಿಗೆ ಅಂಟಿಕೊಂಡು ಅಯಸ್ಕಾಂತದ ನಡುವೆ ತೂಗುತ್ತಿರುತ್ತದೆ. ತಟ್ಟೆ ಮೇಲೆದ್ದರೆ ಮಸೂರ ಹಿಂಬಾಲಿಸುತ್ತದೆ, ಇಳಿದರೆ ಹಿಂದೆ ಸರಿಯುತ್ತದೆ. ಎದ್ದಿತೋ ಇಳಿಯಿತೋ ತಿಳಿಯುವುದು ಹೇಗೆಂದರೆ, ಮರಳಿ ಬರುವ ಬೆಳಕಿನ ದಾರಿಯಲ್ಲಿ ಉರುಳೆಯನ್ನು ಸೀಳಿದಂಥ ಇನ್ನೊಂದು ಮಸೂರವಿದೆ. ದೂರ ಸರಿಯಾಗಿದ್ದಾಗ ಅದು ಬಿಡುವ ಬೆಳಕಿನ ಬೊಟ್ಟು ದುಂಡಗಿರುತ್ತದೆ. ಹತ್ತಿರವಾದರೆ ಒಂದು ಕಡೆಗೆ, ದೂರವಾದರೆ ಇನ್ನೊಂದು ಕಡೆಗೆ ಮೊಟ್ಟೆಯಂತೆ ನೀಳವಾಗುತ್ತದೆ. ನಾಲ್ಕು ಮನೆಗಳಾಗಿ ಭಾಗಿಸಿದ ಬೆಳಕುಗಣ್ಣೊಂದು ಯಾವ ಮನೆಗಳಲ್ಲಿ ಬೆಳಕು ಹೆಚ್ಚೆಂದು ನೋಡಿ ಸುರುಳಿಗೆ ಆಜ್ಞೆ ಕೊಡುತ್ತದೆ.

ಹೀಗೆ ಕುಣಿಯಬೇಕಾದರೆ ಮಸೂರ ಹಗುರವಾಗಿರಬೇಕು. ಗೋಳದಿಂದ ಕತ್ತರಿಸಿದಂಥ ಸಾಮಾನ್ಯ ಮಸೂರದಲ್ಲಿ ಅಂಚಿನ ಬೆಳಕು ಒಂದೆಡೆ, ನಡುವಿನ ಬೆಳಕು ಒಂದೆಡೆ ಕೂಡುವ ದೋಷವುಂಟು. ಸೂಕ್ಷ್ಮದರ್ಶಕದವರು ನಾಲ್ಕಾರು ಮಸೂರ ಜೋಡಿಸಿ ಅದನ್ನು ಸರಿಮಾಡುತ್ತಾರೆ. ಆ ಭಾರ ಇಲ್ಲಿ ನಡೆಯದು. ಗೋಳದ ಆಕಾರವನ್ನೇ ಬಿಟ್ಟು, ಅಂಚಿನ ಕಡೆ ಲೆಕ್ಕ ಹಾಕಿ ಬಾಗಿಸಿದ ಒಂಟಿ ಮಸೂರವನ್ನು ಮಾಡಿದರು. 1980ರ ದಶಕದಲ್ಲಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತುವ ವಿದ್ಯೆಯೂ ಕೈವಶವಾಯಿತು. ಸಿ.ಡಿ. ಯಂತ್ರ ಕೊಳ್ಳೇಗಾಲದ ಅಂಗಡಿಬೀದಿಗೆ ಬರುವಷ್ಟು ಅಗ್ಗವಾದುದರಲ್ಲಿ ಈ ಅಚ್ಚಿನ ಪಾಲು ದೊಡ್ಡದು. ಲೇಸರಿಗೆ ಸಿಕ್ಕ ಹೆಸರು ಇದಕ್ಕೆ ಸಿಗಲಿಲ್ಲ.

ಮುಂದಿನ ಕಥೆ ಬೇಗ ಹೇಳಬಹುದು. 1990ರ ದಶಕದ ಡಿ.ವಿ.ಡಿ.ಯಲ್ಲಿ ಬೆಳಕು 650 ನ್ಯಾನೋಮೀಟರಿನ ಕೆಂಪು, ಶಂಕುಸಂಖ್ಯೆ 0.6, ಮೊನೆ ಅರ್ಧ ಮೈಕ್ರಾನ್ ಚಿಲ್ಲರೆ. ಮುಂದಿನ ದಶಕದ ಬ್ಲೂ-ರೇ ತಟ್ಟೆಯಲ್ಲಿ 405 ನ್ಯಾನೋಮೀಟರಿನ ನೇರಳೆ, ಶಂಕುಸಂಖ್ಯೆ 0.85, ಮೊನೆ ಕಾಲು ಮೈಕ್ರಾನ್‌ಗಿಂತ ಕಡಮೆ. ಸಿ.ಡಿ.ಗಿಂತ ಇದರಲ್ಲಿ ಮೂವತ್ತೈದು ಪಟ್ಟಿಗೂ ಹೆಚ್ಚು ಬರಹ ಹಿಡಿಸುತ್ತದೆ. ಅಷ್ಟೂ ಮಸೂರದ ಮಹಿಮೆಯಲ್ಲ. ಮೊನೆಯ ಲೆಕ್ಕದಿಂದ ಹದಿಮೂರು ಪಟ್ಟು ಬರಬೇಕು, ಮಿಕ್ಕದ್ದು ಸಾಲುಗಳನ್ನೂ ಸಂಕೇತಗಳನ್ನೂ ಬಿಗಿಯಾಗಿ ಹೆಣೆದ ಲೆಕ್ಕಿಗರದು. ಒಂದು ನಷ್ಟವೂ ಉಂಟು. ಸಿ.ಡಿ.ಯಲ್ಲಿ ಕುಳಿಗಳು 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ಆಚೆ ಇರುವುದರಿಂದ, ಬೆಳಕು ತಟ್ಟೆಯ ಮೈಯನ್ನು ಹೊಗುವಾಗ ಮುಕ್ಕಾಲು ಮಿಲಿಮೀಟರ್ ಅಗಲವಿರುತ್ತದೆ. ಅಲ್ಲಿ ಕುಳಿತ ಧೂಳಿನ ಕಣ ಆ ಅಗಲದಲ್ಲಿ ಲೆಕ್ಕಕ್ಕೇ ಬಾರದು. ಬ್ಲೂ-ರೇಯಲ್ಲಿ ಆ ಹೊದಿಕೆ 0.1 ಮಿಲಿಮೀಟರು ಮಾತ್ರ. ಬೆರಳಿನ ಗುರುತೂ ಅದಕ್ಕೆ ಭಾರ.

ನಮ್ಮ ಸೀಮೆಯಲ್ಲಿ ಈ ತಟ್ಟೆಗಳು ಹೊತ್ತದ್ದು ಶಾಸನಗಳನ್ನಲ್ಲ, ಹಾಡುಗಳನ್ನು. ಮಲೆ ಮಹದೇಶ್ವರ ಬೆಟ್ಟದ ಅಂಗಡಿಗಳಲ್ಲಿ ಕ್ಯಾಸೆಟ್ಟು ಹೋಗಿ ಸಿ.ಡಿ.ಯೂ ವಿ.ಸಿ.ಡಿ.ಯೂ ಬಂದ ಕಾಲ ಅನೇಕರ ನೆನಪಿನಲ್ಲಿದೆ. ಕಂಸಾಳೆಯವರು ಮಾದಪ್ಪನ ಕಥೆಯನ್ನು, ನೀಲಗಾರರು ತಂಬೂರಿ ಗಗ್ಗರಗಳೊಂದಿಗೆ ಮಂಟೇಸ್ವಾಮಿ ಸಿದ್ಧಪ್ಪಾಜಿಯರ ಕಥೆಯನ್ನು ರಾತ್ರಿಗಟ್ಟಲೆ ಹಾಡುವವರು. ಡಾ. ಪಿ. ಕೆ. ರಾಜಶೇಖರ ಅವರು 1973ರಲ್ಲಿ ‘ಮಲೆಯ ಮಾದೇಶ್ವರ’ವನ್ನು ಅಚ್ಚುಹಾಕಿಸಿದಾಗ ಕಥೆಯ ಮಾತು ಪುಸ್ತಕಕ್ಕೆ ಬಂತು, ದನಿ ಪುಸ್ತಕಕ್ಕೆ ಬರುವ ವಸ್ತುವಲ್ಲ. ಸಿ.ಡಿ.ಗೆ ಮೊದಲು ಗೊತ್ತುಮಾಡಿದ ಅವಧಿ 74 ನಿಮಿಷ. ಪಶ್ಚಿಮದ ಬೀಥೋವನ್ನನ ಒಂಬತ್ತನೆಯ ಸಿಂಫನಿ ಒಂದೇ ತಟ್ಟೆಯಲ್ಲಿ ಹಿಡಿಸಲೆಂದು ಹಾಗೆ ಮಾಡಿದರೆಂಬ ಕಥೆಯೊಂದುಂಟು, ಅಲ್ಲಗಳೆದವರೂ ಉಂಟು. ಅಳತೆ ಗೊತ್ತುಮಾಡಿದ ಮಹನೀಯರನ್ನು ಒಂದು ಸಲ ಚಿಕ್ಕಲ್ಲೂರಿನ ಜಾತ್ರೆಗೆ ಕರೆತಂದಿದ್ದರೆ, ಚಂದ್ರಮಂಡಲ ಉರಿದ ಮೇಲೆ ಶುರುವಾಗುವ ಹಾಡನ್ನು ಕೇಳಿಸಿದ್ದರೆ, ತಟ್ಟೆ ಒನಕೆಬಂಡಿಯ ಚಕ್ರದಷ್ಟಾಗುತ್ತಿತ್ತೋ ಏನೋ.

ನನ್ನಲ್ಲಿಯೂ ಅಂಥ ತಟ್ಟೆಯೊಂದಿದೆ. ಹನೂರಿನ ಕಡೆಯ ಹಿರಿಯ ನೀಲಗಾರರೊಬ್ಬರು ನಮ್ಮ ನೆಂಟರ ಮನೆಯ ಪಡಸಾಲೆಯಲ್ಲಿ ಕುಳಿತು ಹಾಡಿದ್ದು, ಒಂಬತ್ತು ಭಾಗ. ಧ್ವನಿಯನ್ನು ಯಂತ್ರದಲ್ಲಿ ಹಿಡಿದು, ಮನೆಯ ಕಂಪ್ಯೂಟರಿನಲ್ಲಿಯೇ ತಟ್ಟೆಗೆ ಇಳಿಸಿದೆವು. ಹೀಗೆ ಮನೆಯಲ್ಲಿ ಬರೆಯುವ ತಟ್ಟೆಯಲ್ಲಿ ಅಚ್ಚೊತ್ತಿದ ಕುಳಿ ಇರುವುದಿಲ್ಲ. ಬಣ್ಣದ ಪದರವೊಂದಿರುತ್ತದೆ, ಲೇಸರಿನ ಮೊನೆ ಅದನ್ನು ಸುಟ್ಟು ಕಲೆ ಮಾಡುತ್ತದೆ. ತರಗೆಲೆ ಸುಟ್ಟ ಭೂತಗನ್ನಡಿಯ ಕೆಲಸವೇ, ಒಂದು ಮೈಕ್ರಾನ್‌ನಲ್ಲಿ. ಬಿಸಿಲು ಸೆಕೆಗಳಿಗೆ ಆ ಬಣ್ಣ ಮಾಸುವುದೆಂದು ಕೇಳಿ, ನಾನು ಅದನ್ನು ಕರಿಯ ಕಾಗದದಲ್ಲಿ ಸುತ್ತಿ ಬೀರುವಿನ ತಣ್ಣನೆಯ ಮೂಲೆಯಲ್ಲಿಟ್ಟಿದ್ದೆ. ಹಾಡಿದವರು ತೀರಿಕೊಂಡ ಮೇಲೆ ಅವರ ಮನೆಯವರು ಕೇಳಬೇಕೆಂದು ಬಂದರು. ಹಾಕಿದರೆ ಆರು ಭಾಗ ಸರಾಗವಾಗಿ ಬಂತು. ಏಳನೆಯದರಲ್ಲಿ ತಟ್ಟೆ ತಡವರಿಸಿ ನಿಂತಿತು.

ತಟ್ಟೆಯನ್ನು ಕೊಳ್ಳೇಗಾಲಕ್ಕೆ ತಂದೆ. ಒಂದು ಕಾಲಕ್ಕೆ ಈ ಬೀದಿಯಲ್ಲಿ ಹೆಜ್ಜೆಗೊಬ್ಬರು ವಿ.ಸಿ.ಡಿ. ರಿಪೇರಿಯವರಿದ್ದರು, ಈಗ ಹುಡುಕಬೇಕು. ಸಿಕ್ಕವರು ವಯಸ್ಸಾದವರು. ಮೊದಲು ತಮ್ಮ ಯಂತ್ರದ ಮಸೂರವನ್ನು ಹತ್ತಿಯಿಂದ ಮೆಲ್ಲಗೆ ಒರೆಸಿದರು. ಆರೇ ಬಂತು. ಬೇರೆ ಯಂತ್ರಕ್ಕೆ ಹಾಕಿದರು. ಆರೇ. ಆಮೇಲೆ ತಟ್ಟೆಯ ಹೊಳೆಯುವ ಮುಖವನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು, ‘ಇದರ ಬೆನ್ನ ಮೇಲೆ ಯಾರು ಬರೆದರು, ಸ್ವಾಮಿ?’ ಎಂದರು.

ಬರೆದವನು ನಾನೇ. ಹೊಳೆಯುವ ಮುಖಕ್ಕೆ ಗೀರಾಗಬಾರದೆಂದು ನಾವೆಲ್ಲ ಜೋಪಾನ ಮಾಡುತ್ತೇವೆ. ಅಲ್ಲಿ ಒಂದು ಮಿಲಿಮೀಟರಿಗೂ ದಪ್ಪದ ಕವಚವಿದೆ. ಹೆಸರು ಬರೆಯುವ ಬೆನ್ನಿನ ಕಡೆ ಕಾಗದಕ್ಕಿಂತ ತೆಳ್ಳನೆಯ ಪೊರೆ, ಅದರ ಕೆಳಗೇ ಬರಹ. ಮೆತ್ತನೆಯ ಮೊನೆಯ ಲೇಖನಿಯಿಂದ ಬರೆಯಬೇಕಾದಲ್ಲಿ, ಹಾಡಿದವರ ಹೆಸರು, ಊರು, ತಾರೀಖುಗಳನ್ನು ನಾನು ಬಾಲ್‌ಪೆನ್ನಿನಿಂದ ಒತ್ತಿ, ಅಂಚಿನ ಗುಂಟ ಅಂದವಾಗಿ ಬರೆದಿದ್ದೆ. ತಟ್ಟೆಯ ಸಾಲು ಒಳಗಿನಿಂದ ಹೊರಕ್ಕೆ ಹೋಗುವುದರಿಂದ ಅಂಚಿನಲ್ಲಿರುವುದು ಕೊನೆಯ ಭಾಗಗಳು. ಅವರು ತೋರಿಸಿದಂತೆ ನೋಡಿದೆ. ಓರೆಬೆಳಕಿಗೆ ಒಂದೊಂದು ಅಕ್ಷರದ ಅಂಚಿಗೂ ನೆರಳು ಕೂಡಿಕೊಂಡು, ತಿರುಗುಮುರುಗಾಗಿ, ಆ ಹಿರಿಯರ ಹೆಸರು ಸ್ಪಷ್ಟವಾಗಿ ಎದ್ದು ಕಾಣುತ್ತಿತ್ತು.

ಸಿದ್ಧಪ್ಪಾಜಿ ಹಲಗೂರಿಗೆ ಹೋಗಿ ಪಾಂಚಾಳರ ಬಾಗಿಲಲ್ಲಿ ಕಬ್ಬಿಣದ ಭಿಕ್ಷೆ ಕೇಳುವಲ್ಲಿಗೆ ನಮ್ಮ ತಟ್ಟೆಯ ಕಥೆ ನಿಂತಿದೆ. ಉಳಿದ ಆರು ಭಾಗಗಳನ್ನು ಅದೇ ಅಂಗಡಿಯಲ್ಲಿ ಎರಡು ಕಡೆ ನಕಲು ಮಾಡಿಸಿಕೊಂಡು, ಒಂದನ್ನು ಆ ಮನೆಯವರಿಗೆ ಕೊಟ್ಟೆ. ಅಂಗಡಿಯವರು ಮಸೂರ ಒರೆಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.